ಅಗಸೆ ಎಣ್ಣೆಯ ಕಪ್ಪು

ಅಥವಾ ಅಪ್ಪನ ಆ ಕಾರು ಕಪ್ಪಾಗಿರಲೇ ಇಲ್ಲವೇನೋ. ಅಗಸೆ ಎಣ್ಣೆಯ ವಾಸನೆ ಬಂದಾಗಲೆಲ್ಲ ನನಗೆ ಈಗಲೂ ಅದು ಕಪ್ಪಾಗಿಯೇ ಕಾಣುತ್ತದೆ.

ಅದು ನಿಜಾಮನ ಆಳ್ವಿಕೆಯ ಕೊನೆಯ ವರ್ಷ, ಎಲ್ಲೆಲ್ಲೂ ಗದ್ದಲ. ಕಾರಿನಲ್ಲಿ ಹೋದರೆ ನಿಜಾಮನ ಕಡೆಯವರಿಗೆ ಗುರುತು ಸಿಗುತ್ತದೆಂದು ಅಪ್ಪ ಯಾರದೋ ಬಂಡಿಯಲ್ಲಿ ಕೂತು ಗಡಿಯಾಚೆ ವಿಜಾಪುರಕ್ಕೆ ಹೋಗಿಬಿಟ್ಟಿದ್ದರು. ಹೊರಡುವಾಗ ಕಾರಿನ ಬಾಗಿಲು ಸವರಿದರು. ನನ್ನ ತಲೆ ಸವರಿದರೋ ಇಲ್ಲವೋ ನೆನಪಿಲ್ಲ.

ಇಜೇರಿಯ ನಮ್ಮ ಮನೆಯ ಕೊಟ್ಟಿಗೆಯಲ್ಲಿ, ಎತ್ತುಗಳ ಪಕ್ಕ, ಕಾರು ನಿಂತೇ ಇತ್ತು. ದಾರಿಯ ಕಲ್ಲು ಸಿಡಿದು ಬಾಗಿಲಿನ ಬಣ್ಣ ಅಲ್ಲಲ್ಲಿ ಎದ್ದಿತ್ತು. ಒಂದು ಮಧ್ಯಾಹ್ನ ಅವ್ವ ದೀಪದ ಮಸಿಯನ್ನು ಅಗಸೆ ಎಣ್ಣೆಯಲ್ಲಿ ಕಲಸಿ, ಕಡ್ಡಿಗೆ ಹತ್ತಿ ಸುತ್ತಿ, ಒಂದೊಂದೇ ಚುಕ್ಕೆ ತುಂಬತೊಡಗಿದಳು. ಬಟ್ಟಲು ನನ್ನ ಕೈಯಲ್ಲಿತ್ತು.

ಅಪ್ಪನ ತಾಯಿ, ನಮ್ಮ ಆಯಿ, ಹೊಸ್ತಿಲಲ್ಲಿ ನಿಂತು ನಕ್ಕಳು. “ಏನಬೇ, ಮೋಟಾರಿಗಿ ಕಾಡಿಗಿ ಹಚ್ಚಾಕತ್ತಿ? ಮದಲಗಿತ್ತಿ ಮಾಡ್ತಿ ಏನು?”

“ಅವರು ತಿರುಗಿ ಬಂದ್ರ ಮೊದಲ ಬಾಗಲಾನೇ ನೋಡ್ತಾರ್ರೀ ಅತ್ತಿ.”

“ಒಣಗಾಕ ಎಷ್ಟು ದಿನ ಬೇಕು?”

“ನಾಕೈದು ದಿನರೀ. ಅದಕ್ಕೂ ಮೊದಲ ಬಂದ್ರ ಕೈಗಿ ಹತ್ತತದ.”

ಆಯಿ ನಗು ನಿಲ್ಲಿಸಿ ಒಳಗೆ ಹೋದಳು.

ಚುಕ್ಕೆಗಳೆಲ್ಲ ಮುಗಿದವು. ಬಟ್ಟಲಲ್ಲಿ ಕಪ್ಪು ಇನ್ನೂ ಉಳಿದಿತ್ತು. ಅವ್ವ ಹೆಬ್ಬೆರಳ ಉಗುರಿನಿಂದ ಬಾಗಿಲಿನ ಚೆನ್ನಾಗಿದ್ದ ಬಣ್ಣವನ್ನು ಕೆರೆದು, ಹೊಸದೊಂದು ಚುಕ್ಕೆ ಮಾಡಿ, ಅದನ್ನೂ ತುಂಬಿದಳು. ಇದನ್ನು ಆಮೇಲೆ ನಾನೇ ಸೇರಿಸಿಕೊಂಡಿರಲೂಬಹುದು.

ಅಪ್ಪ ಮತ್ತೆ ಬರಲಿಲ್ಲ. ಆ ಮಧ್ಯಾಹ್ನವೇ ಅವ್ವನಿಗೆ ಅದು ತಿಳಿದಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.