ಶಂಸುದ್ದೀನ್ ಸಾಹೇಬರ ಮೊದಲ ಆಯ್ಕೆ

ಪೆನಾಲ್ಟಿ ಚೆಂಡು ಗೋಲಿನ ಹತ್ತಿರವೂ ಸುಳಿಯಲಿಲ್ಲ. ಮೇಲಿಂದ ಹಾರಿ, ಹಿಂದೆ ನಿಂತಿದ್ದ ಬಿಳಿ ಕಾರಿನ ಬಾನೆಟ್ಟಿಗೆ ಧೊಪ್ಪನೆ ಬಡಿಯಿತು. ಕಾರು ಬೇರೆ ಯಾರದೂ ಅಲ್ಲ, ಇಹ್ಸಾನ್ ಆಡುತ್ತಿದ್ದ ತಂಡದ ಮಾಲೀಕ ಶಂಸುದ್ದೀನ್ ಸಾಹೇಬರದ್ದೇ!

"ಎಂತ ಮಾರಾಯ, ಗೋಲು ಇಲ್ಲಿ ಉಂಟು!" ಎದುರಾಳಿ ತಂಡದ ಮಾಲೀಕ ಮಹಮ್ಮದ್ ಕುಂಞಿ ಕಂಬ ತಟ್ಟಿ ತೋರಿಸಿದ. ಮೈದಾನವೆಲ್ಲ ಹೊಟ್ಟೆ ಹಿಡಿದು ನಕ್ಕಿತು. ಇಹ್ಸಾನ್‌ಗೂ ನಗು ತಡೆಯಲಾಗಲಿಲ್ಲ. ಕುಂಞಿಗೊಂದು ಸಲಾಂ ಹೊಡೆದು, ಓಡಿಹೋಗಿ ಬಾನೆಟ್ಟನ್ನು ಜೆರ್ಸಿಯಲ್ಲಿ ಒರೆಸಿ, ಒಳಗೆ ಕೂತಿದ್ದ ಹೆಂಗಸರಿಗೆ ತಲೆ ತಗ್ಗಿಸಿ ಕ್ಷಮೆ ಕೇಳಿ ಬಂದ. ಅಲ್ಲಿಗೆ ಪಂದ್ಯವೂ ಹೋಯಿತು, ಸೀಸನ್ನೂ ಮುಗಿಯಿತು.

ನಗು ಇಳಿದ ಮೇಲೆ ಇಹ್ಸಾನ್‌ಗೆ ತಂಡ ತಪ್ಪುವ ಚಿಂತೆ ಶುರುವಾಯಿತು.

ಸೌದಿಯ ಖಮೀಸ್ ಮುಶೈತ್ ಪಟ್ಟಣದ ಈ ಶುಕ್ರವಾರದ ಲೀಗಿನಲ್ಲಿ ಎಲ್ಲವೂ ನಮ್ಮ ಕರಾವಳಿಯವರ ತಂಡಗಳು. ಚೀಟಿ ಎತ್ತಿ, ಸರದಿ ಬಂದಂತೆ ಮಾಲೀಕರು ಆಟಗಾರರನ್ನು ಆರಿಸುತ್ತಾರೆ. ಈ ಸೀಸನ್ ಶುರುವಾಗುವಾಗ ಎಲ್ಲರ ಕಣ್ಣೂ ಭಟ್ಕಳದಿಂದ ಹೊಸದಾಗಿ ಬಂದ ಇಹ್ಸಾನ್ ಮೇಲಿತ್ತು. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಅವನಿಗೆ. ಗಾಳಿಯಲ್ಲಿ ಮಗುಚಿ ಅವನು ಹೊಡೆದ ಒಂದು ಗೋಲಿನ ವಿಡಿಯೋ ಎಲ್ಲರ ಫೋನಿನಲ್ಲೂ ಓಡಾಡಿತ್ತು. ಅದು ಅಪ್ಪಿತಪ್ಪಿ ಬಿದ್ದ ಗೋಲು ಎಂದು ಅವನು ಬಾಯಿ ಬಡಿದುಕೊಂಡರೂ ಯಾರೂ ನಂಬಲಿಲ್ಲ. ಪಾಪ, ಎಷ್ಟು ವಿನಯ ಎಂದರು!

ಉಳಿದ ಮಾಲೀಕರು ಎಡಗಾಲೋ ಬಲಗಾಲೋ ಎಂದು ವಿಚಾರಿಸಿದರೆ, ಶಂಸುದ್ದೀನ್ ಸಾಹೇಬರು ಕೇಳಿದ್ದು, "ನಿನ್ನ ತಾಯಿ ಯಾವ ಮನೆಯವರಪ್ಪ?" ಭಟ್ಕಳದವರು ಯಾರನ್ನು ಕಂಡರೂ ಮೊದಲು ಕೇಳುವುದು ಅದನ್ನೇ. ಮೊದಲ ಚೀಟಿ ಅವರದ್ದೇ ಬಂತು. ವಿಡಿಯೋ ಕೂಡ ನೋಡದೆ ಇಹ್ಸಾನ್‌ನನ್ನು ಎತ್ತಿಕೊಂಡರು.

ಸೀಸನ್ನಿಡೀ ಒಂದು ಗೋಲೂ ಇಲ್ಲ. ಬೆಟ್ಟ ಅಗೆದು ಇಲಿ ಹಿಡಿದರು ಸಾಹೇಬರು ಎಂದು ಊರೆಲ್ಲ ಆಡಿಕೊಂಡಿತು. ಸಾಹೇಬರು ಮಾತ್ರ ಗದರಲಿಲ್ಲ. ಸೋತಾಗಲೆಲ್ಲ ಅವನನ್ನು ಮನೆಗೆ ಕರೆದೊಯ್ದರು. ಅವರ ಹೆಂಡತಿ ಸಿದ್ದೀಕಾ ಬಿರಿಯಾನಿ ಬಡಿಸಿ, "ಸಿಟ್ಟು ಬಂದ್ರೆ ನೀನು ಎಂತ ಮಾಡ್ತೀ?" ಎಂದು ಕೇಳಿದರು. "ಮಲಗ್ತೇನೆ" ಎಂದ ಇಹ್ಸಾನ್. ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದ ಮಗಳು ಅರ್ವಾ ಅವನ ಊದಿದ ಪಾದವನ್ನು ನೋಡಿ, "ಕಾಲಲ್ಲಿ ದೋಷ ಇಲ್ಲ. ಗೋಲು ಎಲ್ಲಿ ಉಂಟಂತ ಗೊತ್ತಿಲ್ಲ, ಅಷ್ಟೇ" ಎಂದಳು.

ಆ ಮನೆ ಅವನಿಗೆ ಅಚ್ಚುಮೆಚ್ಚಾಗಿಬಿಟ್ಟಿತ್ತು. ಪರವೂರಿನಲ್ಲಿ ಅವನಿಗೆ ಇದ್ದದ್ದೇ ಆ ಒಂದು ಬಾಗಿಲು. ತಂಡ ತಪ್ಪಿದರೆ ಯಾವ ನೆಪ ಹೇಳಿ ಅಲ್ಲಿಗೆ ಹೋಗುವುದು? ಸೀಸನ್ ಮುಗಿದಾಗ ಪ್ರತಿ ಮಾಲೀಕನೂ ಒಬ್ಬನನ್ನಷ್ಟೇ ಉಳಿಸಿಕೊಳ್ಳಬಹುದು. ಗೋಲಿಲ್ಲದವನನ್ನು ಬೇರೆ ಯಾರು ಮೂಸುತ್ತಾರೆ?

"ಹೋದ ವರ್ಷ ಗೋಲಿನ ಮೇಲೆ ಗೋಲು ಹೊಡೆದ ಅರ್ಕಮ್‌ನನ್ನೇ ಸಾಹೇಬ್ರು ಬಿಟ್ರು. ರೆಫ್ರಿಗೆ ಬೈದ ಅಂತ!" ಎಂದ ಅವನದೇ ತಂಡದ ಗೋಲ್‌ಕೀಪರ್ ಸುಜಿತ್. "ನಿನ್ನದು ಗೋವಿಂದ ಮಾರಾಯ."

ಸಾಹೇಬರು ಮೈದಾನದ ನಡುವೆ ನಿಂತು ಗಂಟಲು ಸರಿಮಾಡಿಕೊಂಡರು. "ನಾನು ಉಳಿಸಿಕೊಳ್ಳುವುದು ಸುಜಿತ್‌ನನ್ನು."

ಕುಂಞಿ ಚಪ್ಪಾಳೆ ತಟ್ಟಿದ. ಇಹ್ಸಾನ್ ಸುಜಿತ್‌ನನ್ನು ಅಪ್ಪಿಕೊಂಡು, "ನೀನೇ ಸರಿ" ಎಂದ. ಎಲ್ಲರೂ ಚದುರಿದ ಮೇಲೆ, ಮಾನ ಮರ್ಯಾದೆ ಬಿಟ್ಟು ಸಾಹೇಬರ ಮುಂದೆ ನಿಂತ.

"ಸಾಹೇಬ್ರೇ, ಇನ್ನೊಂದು ವರ್ಷ ಕೊಡಿ. ನಿಮ್ಮ ಹೆಸರು ಉಳಿಸ್ತೇನೆ."

"ಆಗುವುದಿಲ್ಲಪ್ಪ."

"ನಾನು ಅಷ್ಟು ಕೆಟ್ಟದಾಗಿ ಆಡಿದೆನಾ?"

"ಬಹಳ ಕೆಟ್ಟದಾಗಿ," ಸಾಹೇಬರು ಅವನ ಹೆಗಲ ಮೇಲೆ ಕೈ ಹಾಕಿದರು. "ಆದ್ರೆ ಅರ್ವಾ ಹೂಂ ಅಂದಿದ್ದಾಳೆ. ನೀನೂ ಹೂಂ ಅಂದ್ರೆ ಇವತ್ತೇ ನಿನ್ನ ತಾಯಿಗೆ ಫೋನ್ ಮಾಡ್ತೇನೆ. ಮಾಲೀಕನ ಅಳಿಯ ಮಾವನ ತಂಡದಲ್ಲಿ ಆಡುವ ಹಾಗಿಲ್ಲ ಅಂತ ನಮ್ಮ ಲೀಗಿನಲ್ಲಿ ರೂಲ್ ಉಂಟು ಮಾರಾಯ!"