ಕಾಣದಂಥದ್ದೇ ಕೊಡಿ

"ಕಾಣ್ತಾ ಇದೆ. ಇನ್ನೂ ಚಿಕ್ಕದು ತೋರಿಸಿ," ಅಂದರು ಯಜಮಾನರು, ಹೆಂಡತಿಯ ಕಿವಿಯನ್ನು ಎಡದಿಂದ, ಬಲದಿಂದ, ಕೊನೆಗೆ ಕುರ್ಚಿಯ ಹಿಂದೆ ಬಗ್ಗಿ ಕೂಡ ನೋಡಿ.

ಶ್ರವಣಯಂತ್ರದ ಅಂಗಡಿಯ ಆ ತಿರುಗುವ ಕುರ್ಚಿಯಲ್ಲಿ ಕೂತು ಕೂತು ದೊಡ್ಡಕ್ಕನಿಗೆ ಸಾಕುಸಾಕಾಗಿತ್ತು. ಕಿವಿ ಯಾರದು, ಪರದಾಟ ಯಾರದು! ಕಿವಿ ಪರೀಕ್ಷೆ ಮಾಡಿದ ಮೇಡಂ ಪಾಪ ಟ್ರೇ ಮೇಲೆ ಟ್ರೇ ತಂದಿಡುವುದು, ಇವರು ಮುಖ ಸಿಂಡರಿಸಿ ವಾಪಸ್ ಕಳಿಸುವುದು, ಇದೇ ಆಗಿತ್ತು. ಕಿವಿಯ ಹಿಂದೆ ಸಿಕ್ಕಿಸಿಕೊಳ್ಳುವ ಕೆಂಪು ಬಣ್ಣದ್ದೊಂದನ್ನಂತೂ ಸತ್ತ ಜಿರಲೆಯನ್ನು ತಳ್ಳುವ ಹಾಗೆ ಬೆರಳ ತುದಿಯಲ್ಲಿ ದೂರ ತಳ್ಳಿದ್ದರು. ದೊಡ್ಡಕ್ಕನಿಗೆ ಹಿಡಿಸಿದ್ದು ಅದೇ. ಕೈಗೆ ಸಿಗುತ್ತದೆ, ಬ್ಯಾಟರಿ ಹಾಕಲು ಒದ್ದಾಡಬೇಕಿಲ್ಲ, ಬಿದ್ದರೆ ಹುಡುಕಬೇಕಿಲ್ಲ. ಆದರೆ ಅವಳನ್ನು ಕೇಳಿದವರು ಯಾರು?

ದೊಡ್ಡಕ್ಕ ಅನ್ನುವುದು ನೂಲಿನ ಗಿರಣಿಯಲ್ಲಿ ಬಿದ್ದ ಹೆಸರು. ಅವಳ ಕಿವಿ ಕೆಡಿಸಿದ್ದೂ ಆ ಗಿರಣಿಯೇ. ಅಲ್ಲಿನ ಗದ್ದಲದಲ್ಲಿ ಹೆಂಗಸರು ಮಾತನ್ನು ಕೇಳುತ್ತಿರಲಿಲ್ಲ, ನೋಡುತ್ತಿದ್ದರು. ಸಾಲಿನ ಆ ತುದಿಯವಳ ತುಟಿ ಅಲುಗಿದರೆ ಈ ತುದಿಯವಳು ಬಿದ್ದು ಬಿದ್ದು ನಗುತ್ತಿದ್ದಳು. ಗಿರಣಿ ಬಿಟ್ಟ ಮೇಲೂ ಆ ವಿದ್ಯೆಯಿಂದಲೇ ಅವಳ ಸಂಸಾರ ನಡೆದಿತ್ತು. ಯಜಮಾನರೂ ಕಡಿಮೆಯವರಲ್ಲ. ಅವಳಿಗೆ ತಿಳಿಯಬಾರದ ಮಾತಿದ್ದರೆ ಮೀಸೆ ನೀವುವ ನೆಪದಲ್ಲಿ ಬಾಯಿಗೆ ಕೈ ಅಡ್ಡ ಇಡುವರು, ಇಲ್ಲವೇ ಬೆನ್ನು ತಿರುಗಿಸಿ ನಿಲ್ಲುವರು. ಆ ಬೆನ್ನು ಕಂಡಾಗೆಲ್ಲ ಅವಳ ಮೈ ಉರಿದುಹೋಗುತ್ತಿತ್ತು.

ಇವತ್ತು ಮಾತ್ರ ಹಲ್ಲು ಕಚ್ಚಿಕೊಂಡು ಕೂತಿದ್ದಳು. ಶುಕ್ರವಾರ ಯಜಮಾನರಿಗೆ ಆಫೀಸಿನಲ್ಲಿ ಬೀಳ್ಕೊಡುಗೆ. ಇಷ್ಟು ವರ್ಷ ಆ ಆಫೀಸಿನ ಕಥೆಯೆಲ್ಲ ಅವಳಿಗೆ ತಿಳಿದದ್ದು ಇವರ ತುಟಿಯಿಂದಲೇ. ಇವರಿಲ್ಲದೆ ಅಲ್ಲಿ ಒಂದು ಫೈಲೂ ಅಲ್ಲಾಡುತ್ತಿರಲಿಲ್ಲವಂತೆ. ಒಂದು ದಿನವಾದರೂ ಮುಂದಿನ ಸಾಲಿನಲ್ಲಿ ಕೂತು, ಇವರ ಬಗ್ಗೆ ಬೇರೆಯವರು ಹೇಳುವುದನ್ನು ಕಿವಿಯಾರೆ ಕೇಳಬೇಕು ಅಂತ ಅವಳಿಗೆ ಆಸೆ. ಅದಕ್ಕೆಂದೇ ಹೊಸ ಚಪ್ಪಲಿಯನ್ನೂ ಕೊಂಡಿಟ್ಟಿದ್ದಳು.

"ಇದಕ್ಕಿಂತ ಚಿಕ್ಕದು ಇಲ್ಲವೇ ಇಲ್ಲ ಸರ್," ಅನ್ನುತ್ತ ಮೇಡಂ ಕಡಲೆಕಾಳಿನಂಥ ಎರಡು ಮಷೀನುಗಳನ್ನು ಅವಳ ಕಿವಿಯೊಳಗೆ ಕೂರಿಸಿದಳು. "ಸ್ವಲ್ಪ ಹೊತ್ತು ಹಾಕ್ಕೊಂಡಿರಿ ಅಮ್ಮ. ನಿಧಾನಕ್ಕೆ ಒಗ್ಗುತ್ತೆ."

ಮೊದಲು ಕೇಳಿಸಿದ್ದು ತಲೆ ಮೇಲಿನ ಫ್ಯಾನು. ಆಮೇಲೆ ಬೀದಿಯಲ್ಲಿ ಯಾರೋ ಶಟರ್ ಎಳೆದದ್ದು, ತನ್ನದೇ ಕೈಚೀಲದ ಜಿಪ್ಪು. ಜಿಪ್ಪಿಗೂ ಸದ್ದಿದೆ ಅನ್ನುವುದೇ ಅವಳಿಗೆ ಮರೆತುಹೋಗಿತ್ತು. ಸುಮ್ಮನೆ ಅದನ್ನು ಎರಡು ಸಲ ಎಳೆದು ನೋಡಿದಳು.

ಯಜಮಾನರು ಮತ್ತೆ ಬಗ್ಗಿ ನೋಡಿದರು. ಏನೂ ಕಾಣಲಿಲ್ಲ. ಈಗ ಅವರ ಮುಖ ಅರಳಿತು. "ಇದಪ್ಪಾ ಮಷೀನು ಅಂದ್ರೆ! ಹಾಕಿರೋದೇ ಗೊತ್ತಾಗಲ್ಲ," ಅಂದವರು ಮೇಡಂ ಜೊತೆ ಗಾಜಿನ ಬೀರುವಿನ ಹತ್ತಿರ ಹೋದರು. ಅಲ್ಲಿ, ಎಂದಿನಂತೆ, ಹೆಂಡತಿಗೆ ಬೆನ್ನು ತಿರುಗಿಸಿ ನಿಂತರು.

"ಮೇಡಂ, ಇದನ್ನೇ ತಗೊಳ್ತೀನಿ. ಆದ್ರೆ ಇವತ್ತು ಕೊಡಬೇಡಿ. ಸ್ಟಾಕ್ ಇಲ್ಲ, ಮುಂದಿನ ವಾರ ಬರುತ್ತೆ ಅಂತ ಇವಳಿಗೆ ಹೇಳಿಬಿಡಿ."

"ಯಾಕೆ ಸರ್? ಶುಕ್ರವಾರಕ್ಕೆ ಬೇಕೇ ಬೇಕು ಅಂದ್ರಲ್ಲ ಅಮ್ಮ?"

"ಅದಕ್ಕೇ ಹೇಳಿದ್ದು. ಅವತ್ತು ದೊಡ್ಡ ಸಾಹೇಬರೆಲ್ಲ ಬರ್ತಾರೆ. ಅವರೇನಾದ್ರೂ ಕೇಳಿದ್ರೆ, ಮಷೀನಿದ್ರೂ ಹಳೇ ಅಭ್ಯಾಸ, ಇವಳು ಅವರ ಬಾಯಿ ನೋಡ್ತಾ ನಿಂತ್ಕೋತಾಳೆ. ತಂಗಿ ಮನೆಗೆ ಹೋಗಿದ್ದಾಳೆ, ಊರಲ್ಲಿಲ್ಲ ಅಂತ ಆಫೀಸಲ್ಲಿ ಆಗಲೇ ಹೇಳಿಬಿಟ್ಟಿದ್ದೀನಿ. ಮಷೀನ್ ಸಿಗಲಿಲ್ಲ ಅಂದ್ರೆ ಅವಳೇ ಬರಲ್ಲ ಅಂತಾಳೆ. ನಾನ್ಯಾಕೆ ಕೆಟ್ಟವನಾಗಲಿ?"

ಮೇಡಂ ಯಜಮಾನರ ಭುಜದಾಚೆ, ಕುರ್ಚಿಯ ಕಡೆ ನೋಡಿದಳು.

ದೊಡ್ಡಕ್ಕನಿಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟು. ಮಷೀನಿಗೇನೂ ಹೆಸರಿಡುವ ಹಾಗಿರಲಿಲ್ಲ, ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳಿಸಿತ್ತು. ಯಾರ ಯಾರ ಮನೆಯ ಮದುವೆಗೆ, ಯಾರ ಯಾರ ಮನೆಯ ಊಟಕ್ಕೆ ತಾನು ಹೀಗೆ ಊರಲ್ಲಿರಲಿಲ್ಲವೋ! ಆಗೆಲ್ಲ ಮನೆಯಲ್ಲಿ ಬಟ್ಟೆ ಮಡಿಸುತ್ತ, ಪಾಪ ಒಬ್ಬರೇ ಹೋದರಲ್ಲ ಅಂತ ಇವರಿಗಾಗಿ ಮರುಗಿದ್ದಳು ಬೇರೆ.

ಟ್ರೇಯ ಮೂಲೆಯಲ್ಲಿ ಬಿದ್ದಿದ್ದ ಕೆಂಪು ಮಷೀನನ್ನು ಎತ್ತಿಕೊಂಡಳು.

"ಮೇಡಂ, ಇದು ಸ್ಟಾಕ್ ಇದೆಯೋ, ಇಲ್ಲವೋ?"

ಯಜಮಾನರ ಬೆನ್ನು ಸೆಟೆದು ನಿಂತಿತು.

"ಇದೆ ಅಮ್ಮ," ಅಂದಳು ಮೇಡಂ. "ಇವತ್ತೇ ಹಾಕ್ಕೊಂಡು ಹೋಗಬಹುದು."

"ಹಾಗಾದ್ರೆ ಇದನ್ನೇ ಕೊಡಿ. ಶುಕ್ರವಾರ ನಾನು ಊರಲ್ಲೇ ಇರ್ತೀನಿ."

ಯಜಮಾನರು ಮೆಲ್ಲಗೆ ತಿರುಗಿದರು. ಹೇಳಬೇಕಾದ ಮಾತುಗಳು ಬೇಕಾದಷ್ಟಿದ್ದವು. ಆದರೆ ಅವರ ಬಾಯಿಂದ ಬಂದದ್ದು ಒಂದೇ. "ಅದು... ಎಲ್ಲರಿಗೂ ಕಾಣುತ್ತೆ ಕಣೇ."

ಹೇಳುವಾಗ ಕೈ ತಾನಾಗಿ ಮೀಸೆಯ ಕಡೆ ಹೋಗಿತ್ತು.

"ಕಾಣಲಿ," ಅಂದಳು ದೊಡ್ಡಕ್ಕ. "ಬಾಯಿ ಬಿಡೋ ಮುಂಚೆ, ಮೊದಲು ನಿಮಗೆ ಕಾಣಲಿ."