ಬರ್ತೀನಿ ಅನ್ನುವವರು

ಸಮುದಾಯ ಭವನ ಬಿಕೋ ಅನ್ನಬಾರದೆಂದು ನಗರಸಭೆಯವರು ಯಂತ್ರದ ಮನುಷ್ಯರನ್ನು ಕಳಿಸಲು ಶುರುಮಾಡಿ ಬಹಳ ಕಾಲವಾಗಿತ್ತು. ಅವರೂ ಭಜನೆಗೆ ತಾಳ ಹಾಕುತ್ತಿದ್ದರು, ಕಾಫಿ ಕೊಟ್ಟರೆ ಕುಡಿಯುತ್ತಿದ್ದರು, ನೋಡಿದರೆ ಗೊತ್ತಾಗುತ್ತಿರಲಿಲ್ಲ. ಆದರೆ ಭವನ ನಡೆಸುವ ವನಜಾಕ್ಷಿಯ ಹತ್ತಿರ ಅದೆಲ್ಲ ನಡೆಯುತ್ತಿರಲಿಲ್ಲ. ಹೊರಡುವಾಗ ಮನುಷ್ಯರು ‘ಬರ್ತೀನಿ’ ಅನ್ನುತ್ತಾರೆ. ಯಂತ್ರದವು ಮಾಡುವುದನ್ನೇ ಹೇಳುತ್ತವೆ: ‘ಹೋಗ್ತೀನಿ.’ ತಾನು ಕಂಡುಹಿಡಿದ ಈ ಗುಟ್ಟನ್ನು ಅವಳು ದಿನವೂ ಎಲ್ಲರೆದುರು ಹೇಳಿಕೊಂಡು ಬೀಗುತ್ತಿದ್ದಳು.

ಹೊಸದಾಗಿ ಬರುತ್ತಿದ್ದ ಗೌರಾಂಬಳ ಮೇಲೆ ಅವಳಿಗೆ ಮೊದಲಿನಿಂದಲೂ ಗುಮಾನಿ. ಆಕೆಗೆ ಹರಟೆ ಬೇಡ, ನಗು ಬೇಡ. ಕಸೂತಿಯಲ್ಲಿ ಒಂದು ಹೊಲಿಗೆ ತಪ್ಪುವುದಿಲ್ಲ. ವನಜಾಕ್ಷಿ ಕಾಫಿ ಹಂಚುವಾಗ ಆಕೆಯನ್ನು ಬಿಟ್ಟು ಮುಂದಕ್ಕೆ ಹೋಗುತ್ತಿದ್ದಳು. ಯಂತ್ರಕ್ಕೆ ಕಾಫಿ ಕೊಟ್ಟರೆ ಸುಮ್ಮನೆ ದಂಡ.

ಈ ಸಂಜೆ ಗೌರಾಂಬ ಚೀಲ ಎತ್ತಿಕೊಂಡು, “ಹೋಗ್ತೀನಮ್ಮ” ಎಂದಳು.

“ನೋಡಿದ್ರಾ! ನಾನು ಅವತ್ತೇ ಹೇಳ್ಲಿಲ್ವಾ?” ವನಜಾಕ್ಷಿ ಎಲ್ಲರ ಕಡೆ ತಿರುಗಿದಳು.

ಗೌರಾಂಬ ಬಾಗಿಲಲ್ಲಿ ತಿರುಗಿ ನಿಂತಳು. “ಇನ್ನು ಬರಲ್ಲ ಕಣಮ್ಮ, ಅದಕ್ಕೇ ಹಂಗಂದೆ. ಮನೆಯವರು ಹೋದ್ಮೇಲೆ ನಾಲ್ಕು ಜನರ ಜೊತೆ ಕೂರೋಣ ಅಂತ ಬಂದಿದ್ದೆ. ಒಂದು ಲೋಟ ಕಾಫಿಗೂ ನಾನು ಮನುಷ್ಯಳಾಗ್ಲಿಲ್ಲ.”

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು ಮೆಟ್ಟಿಲಿಳಿದಳು. ವನಜಾಕ್ಷಿ ಹೊಸ್ತಿಲವರೆಗೆ ಹೋಗಿ ನಿಂತಳು.

ಅವಳ ಹಿಂದೆ ಕುರ್ಚಿಗಳು ಸರಿದವು. ಉಳಿದವರೆಲ್ಲ ಖಾಲಿ ಲೋಟ ಕೆಳಗಿಟ್ಟು ಎದ್ದುನಿಂತು, ಒಂದೇ ಸಲಕ್ಕೆ, ಒಂದೇ ರಾಗದಲ್ಲಿ ಹೇಳಿದರು:

“ಬರ್ತೀನಿ.”